ಮೈಕಿನಾವನ್ನ ಬೈಯೋದಕ್ಕಿಂತ ಮುಂಚೆ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಯಾವ ಸಭೆಗೆ ಹೋದರೂ ಸ್ವಾಗತ ಭಾಷಣಕ್ಕಿಂತ ಮೊದಲು ಒಂದು ಮಾತು ಬಂದೇ ಬರುತ್ತದೆ: "ಏ ಮೈಕಿನಾವ, ಏನ್ ಮಾಡಾಕತ್ತೀಯೋ?" ಮೈಕು ಆಗತಾನೆ ಕುಯ್ಯ್ ಅಂದಿರುತ್ತದೆ. ಜನ ಕಿವಿ ಮುಚ್ಚಿಕೊಂಡಿರುತ್ತಾರೆ. ವೇದಿಕೆ ಮೇಲಿನ ಹಿರಿಯರು ಮೂಲೆಯಲ್ಲಿ ಆಂಪ್ಲಿಫೈಯರ್ ಮುಂದೆ ಕುಂತ ಹುಡುಗನ ಕಡೆ ಕಣ್ಣು ಕೆಂಪಗೆ ಮಾಡುತ್ತಾರೆ. ಅವನು ಗುಂಡಿ ತಿರುವುತ್ತಾನೆ. ಕೂಗು ನಿಲ್ಲುತ್ತದೆ, ಜೊತೆಗೆ ದನಿಯೂ ಅಡಗುತ್ತದೆ. "ಕೇಳವಲ್ದು, ಜಾಸ್ತಿ ಮಾಡು" ಅಂತ ಹಿಂದಿನ ಸಾಲಿನವರು ಒದರುತ್ತಾರೆ. ಜಾಸ್ತಿ ಮಾಡುತ್ತಾನೆ. ಮತ್ತೆ ಕುಯ್ಯ್. ಮತ್ತೆ ಬೈಗುಳ.

ನಾನು ಹೇಳೋದು ಇಷ್ಟೇ. ಆ ಕೂಗು ಬಹಳಷ್ಟು ಸಲ ಮೈಕಿನವನ ತಪ್ಪಲ್ಲ. ಬಾಕ್ಸ್ ಎಲ್ಲಿಡಬೇಕು, ಎಷ್ಟು ಮೈಕು ಇರಬೇಕು, ಸಮುದಾಯ ಭವನ ಹೆಂಗ ಕಟ್ಟಬೇಕು ಅಂತ ತೀರ್ಮಾನ ಮಾಡುವವರ ತಪ್ಪು ಅದು. ಆದರೆ ಅದರ ದಂಡ ಕಟ್ಟುವವರು ಅವರಲ್ಲ, ಸಣ್ಣ ದನಿಯವರು. ಇದು ಬರೀ ಕಿವಿಗೆ ಕಿರಿಕಿರಿಯ ವಿಷಯ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಮೊದಲು ಈ ಕೂಗು ಅಂದರೇನು ಅಂತ ನೋಡೋಣ. ಮೈಕು ಕಿವಿ, ಬಾಕ್ಸ್ ಬಾಯಿ ಅಂದುಕೊಳ್ಳಿ. ನಡುವೆ ಆಂಪ್ಲಿಫೈಯರ್ ಕಿವಿಗೆ ಬಿದ್ದದ್ದನ್ನು ದೊಡ್ಡದು ಮಾಡಿ ಬಾಯಿಗೆ ಕೊಡುತ್ತದೆ. ಬಾಯಿಂದ ಬಂದ ದನಿ ಜನರ ಕಡೆಗಷ್ಟೇ ಹೋಗುವುದಿಲ್ಲ. ಅದರ ಒಂದು ಪಾಲು ಗೋಡೆಗೆ, ಛಾವಣಿಗೆ ಬಡಿದು, ಕೆಲವು ಸಲ ನೇರವಾಗಿಯೇ, ಮತ್ತೆ ಅದೇ ಮೈಕಿನ ಕಿವಿಗೆ ಬೀಳುತ್ತದೆ. ಮೈಕಿಗೆ ಇದು ಮನುಷ್ಯನ ದನಿ, ಇದು ಬಾಕ್ಸಿನ ದನಿ ಅಂತ ಭೇದ ಗೊತ್ತಿಲ್ಲ. ಬಂದದ್ದನ್ನು ಮತ್ತೆ ಒಳಗೆ ಕಳಿಸುತ್ತದೆ, ಅದು ಮತ್ತೆ ದೊಡ್ಡದಾಗಿ ಹೊರಗೆ ಬರುತ್ತದೆ. ಸುತ್ತು ಸುತ್ತಿಗೂ ದನಿ ಕರಗುತ್ತಾ ಹೋದರೆ ಏನೂ ತೊಂದರೆಯಿಲ್ಲ. ಬೆಳೆಯುತ್ತಾ ಹೋದರೆ ಕೂಗು.

ಎಷ್ಟು ಬೇಗ ಬೆಳೆಯುತ್ತದೆ? ನಮ್ಮ ಕಡೆಯ ಬಿಸಿಲಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಬಾಕ್ಸಿಗೂ ಮೈಕಿಗೂ ಮೂರೂವರೆ ಮೀಟರ್ ಇದ್ದರೆ ಸೆಕೆಂಡಿಗೆ 100 ಸುತ್ತು. ಪ್ರತಿ ಸುತ್ತಿಗೆ ನೂರಕ್ಕೆ ಹತ್ತರಂತೆ ಕೂಡಿದರೂ 50 ಸುತ್ತಿಗೆ, ಅಂದರೆ ಅರ್ಧ ಸೆಕೆಂಡಿಗೆ, ದನಿ ನೂರು ಪಟ್ಟು ದಾಟುತ್ತದೆ. ಚಕ್ರಬಡ್ಡಿ ಹೆಂಗ ಬೆಳೀತೈತಿ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದೂ ಅದೇ ಲೆಕ್ಕ. ಅಸಲು ಒಂದು ಕೆಮ್ಮು ಇದ್ದರೂ ಸಾಕು.

ಹಾಗಾದರೆ ಎಲ್ಲ ದನಿಯೂ ಒಟ್ಟಿಗೆ ಕೂಗಬೇಕಿತ್ತಲ್ಲ, ಒಂದೇ ಶ್ರುತಿಯಲ್ಲಿ ಯಾಕೆ ಕುಯ್ಯ್ ಅಂತದೆ? ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಹೊತ್ತು ನೋಡಿ ತಳ್ಳಿದರೆ ಜೋಕಾಲಿ ಮೇಲೇರುತ್ತದೆ, ಹೊತ್ತು ತಪ್ಪಿ ತಳ್ಳಿದರೆ ನಿಲ್ಲುತ್ತದೆ. ಸುತ್ತಿ ಬಂದ ದನಿಯ ಅಲೆ ಹೊಸ ಅಲೆಯ ಹೆಜ್ಜೆಗೆ ಹೆಜ್ಜೆ ಕೂಡಿಸಿದ ಶ್ರುತಿಗಳು ಮಾತ್ರ ಬೆಳೆಯುತ್ತವೆ, ಅದರಲ್ಲಿ ಎಲ್ಲಕ್ಕಿಂತ ಮುಂದೆ ಓಡಿದ್ದು ನಮ್ಮ ಕಿವಿ ಹರಿಯುತ್ತದೆ. ಸುತ್ತಿನ ಗಳಿಕೆ ಒಂದಕ್ಕೆ ಮುಟ್ಟಬೇಕು, ಹೆಜ್ಜೆಯೂ ಕೂಡಬೇಕು ಅನ್ನುವ ಈ ಎರಡು ಷರತ್ತನ್ನು ಎಲೆಕ್ಟ್ರಾನಿಕ್ಸ್ ಪುಸ್ತಕಗಳು ಜರ್ಮನಿಯ ಹೈನ್‌ರಿಕ್ ಬಾರ್ಕ್‌ಹೌಸೆನ್ ಹೆಸರಿನಲ್ಲಿ ಕಲಿಸುತ್ತವೆ. ಮೈಕಿನ ಕೂಗಿಗೆ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಹೆಸರಿಟ್ಟು ಲಾರ್ಸೆನ್ ಪರಿಣಾಮ ಅಂತಲೂ ಕರೆಯುತ್ತಾರೆ. ಬಿಇ ಓದಿದ ಪ್ರತಿಯೊಬ್ಬ ಎಲೆಕ್ಟ್ರಾನಿಕ್ಸ್ ಹುಡುಗನೂ ಬಾರ್ಕ್‌ಹೌಸೆನ್ ಬಗ್ಗೆ ಪರೀಕ್ಷೆಯಲ್ಲಿ ಬರೆದಿರುತ್ತಾನೆ. ಊರ ಸಭೆಯಲ್ಲಿ ಮೈಕು ಕೂಗಿದಾಗ ಅವನೂ ಮೈಕಿನವನನ್ನೇ ಬೈಯುತ್ತಾನೆ!

ಈಗ ನಮ್ಮ ಕಮಿಟಿಗಳ ಔಷಧ ನೋಡಿ. ಮೈಕು ಕೂಗಿತು, ದನಿ ಕೇಳಲಿಲ್ಲ, ಆದ್ದರಿಂದ ಮುಂದಿನ ವರ್ಷ ಇನ್ನೂ ದೊಡ್ಡ ಬಾಕ್ಸ್, ಇನ್ನೂ ಹೆಚ್ಚು ವಾಟಿನ ಆಂಪ್ಲಿಫೈಯರ್. ಇದು ಔಷಧವೇ ಅಲ್ಲ. ಕೂಗು ಹುಟ್ಟುವುದು ಸುತ್ತಿನ ಗಳಿಕೆ ಒಂದು ದಾಟಿದಾಗ, ಆಂಪ್ಲಿಫೈಯರಿನ ತಾಕತ್ತು ಎಷ್ಟು ಅನ್ನುವುದರ ಮೇಲಲ್ಲ. ಬಾಕ್ಸ್, ಮೈಕು, ಮಾತಾಡುವವರು ಇದ್ದ ಜಾಗದಲ್ಲೇ ಇದ್ದರೆ 100 ವಾಟಿನ ಸೆಟ್ಟು ಎಲ್ಲಿ ಕೂಗುತ್ತದೋ 5000 ವಾಟಿನ ಸೆಟ್ಟೂ ಅದೇ ಗಳಿಕೆಗೆ ಕೂಗುತ್ತದೆ. ವ್ಯತ್ಯಾಸ ಇಷ್ಟೇ: ಮೊದಲನೆಯದು ಕಿವಿ ಚುಚ್ಚುತ್ತದೆ, ಎರಡನೆಯದು ಎದೆ ನಡುಗಿಸುತ್ತದೆ.

ನನ್ನ ಕೆಲಸ ಸಾಫ್ಟ್‌ವೇರಿನದು. ಅಲ್ಲೂ ಇಂಥದೇ ಒಂದು ರೋಗವಿದೆ. ಸರ್ವರ್ ನಿಧಾನವಾದ ಕೂಡಲೇ ಕಾಯುತ್ತಿದ್ದ ಪ್ರೋಗ್ರಾಮುಗಳೆಲ್ಲ ಮತ್ತೆ ಮತ್ತೆ ಕೇಳತೊಡಗುತ್ತವೆ, ಅದರ ಭಾರಕ್ಕೆ ಸರ್ವರ್ ಇನ್ನೂ ನಿಧಾನವಾಗುತ್ತದೆ, ಅವು ಇನ್ನೂ ಹೆಚ್ಚು ಕೇಳುತ್ತವೆ, ಕೊನೆಗೆ ಎಲ್ಲಾ ಮಲಗುತ್ತದೆ. ಅದಕ್ಕೆ ಬರೀ ಯಂತ್ರ ಕೂಡಿಸುತ್ತಾ ಹೋಗುವುದು ಪರಿಹಾರವಲ್ಲ, ಮೊದಲು ಸುತ್ತನ್ನು ಮುರಿಯಬೇಕು. ಇಲ್ಲೂ ಅಷ್ಟೆ.

ಸುತ್ತನ್ನು ಮುರಿಯುವ ದಾರಿಗಳಲ್ಲಿ ಅತಿ ಅಗ್ಗದ್ದು ದೂರ. ಬಾಯಿಂದ ಮೈಕು ಎರಡು ಅಡಿ ದೂರ ಇದ್ದದ್ದು ಅರ್ಧ ಅಡಿಗೆ ಬಂದರೆ ಮೈಕಿಗೆ ಬೀಳುವ ದನಿಯ ಒತ್ತಡ 4 ಪಟ್ಟು, ಶಕ್ತಿಯ ಲೆಕ್ಕದಲ್ಲಿ 16 ಪಟ್ಟು. ಗುಂಡಿಯನ್ನು ಅಷ್ಟೇ ಇಳಿಸಬಹುದು, ಜನರಿಗೆ ದನಿ ಅಷ್ಟೇ ಕೇಳುತ್ತದೆ, ಸುತ್ತು ಮಾತ್ರ ಸತ್ತುಹೋಗುತ್ತದೆ. ಇನ್ನೊಂದು ಕಡೆಯಿಂದ, ಬಾಕ್ಸನ್ನು ಮೈಕಿನಿಂದ ದೂರ ಸರಿಸಿ, ವೇದಿಕೆಯ ಅಂಚಿಗಿಂತ ಮುಂದೆ ಜನರ ಕಡೆ ಮುಖ ಮಾಡಿ ಇಟ್ಟರೆ ಮೈಕಿನ ಕಿವಿಗೆ ಬೀಳುವ ಪಾಲು ಇಳಿಯುತ್ತದೆ. ಎರಡಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಆದರೆ ನಮ್ಮ ವೇದಿಕೆಗಳಲ್ಲಿ ಬಾಕ್ಸ್ ಎಲ್ಲಿರುತ್ತವೆ? ಹಿಂದೆ, ಬ್ಯಾನರಿನ ಎರಡೂ ಬದಿ, ಗಣ್ಯರ ಬೆನ್ನಿಗೆ. ಯಾಕೆ ಅಂದರೆ ಮುಂದೆ ಇಟ್ಟರೆ ಫೋಟೋದಲ್ಲಿ ಅಡ್ಡ ಬರುತ್ತವಂತೆ.

ಎರಡನೆಯದು, ತೆರೆದ ಮೈಕುಗಳ ಸಂಖ್ಯೆ. ಪೋಡಿಯಮ್ಮಿಗೊಂದು, ನಿರೂಪಕರಿಗೊಂದು, ಪ್ರಾರ್ಥನೆ ಹಾಡುವವರಿಗೆ ಎರಡು. ಪ್ರಾರ್ಥನೆ ಮುಗಿದು ತಾಸಾದರೂ ನಾಲ್ಕೂ ತೆರೆದೇ ಇರುತ್ತವೆ. ಮೈಕು ಎರಡು ಪಟ್ಟಾದಾಗಲೆಲ್ಲ 3 ಡೆಸಿಬೆಲ್ ಬಿಟ್ಟುಕೊಡಬೇಕು. ನಾಲ್ಕು ತೆರೆದಿದ್ದರೆ 6 ಡೆಸಿಬೆಲ್, ಅಂದರೆ ಶಕ್ತಿಯಲ್ಲಿ ಮುಕ್ಕಾಲು ಪಾಲು ಸುಮ್ಮನೆ ಹೋಯಿತು. ಮಾತಾಡುವವರು ಒಬ್ಬರು, ಕೇಳಿಸಿಕೊಳ್ಳುವ ಕಿವಿ ನಾಲ್ಕು.

ಮೂರನೆಯದು ಕೈ. ಭಾಷಣದ ಮೈಕುಗಳಲ್ಲಿ ಬಹಳಷ್ಟು ಮುಂದಿನ ದನಿಯನ್ನು ಹೆಚ್ಚು, ಹಿಂದಿನ ದನಿಯನ್ನು ಕಡಿಮೆ ಹಿಡಿಯುವಂಥವು. 1966ರಲ್ಲಿ ಬಂದು ಜಗತ್ತಿನ ವೇದಿಕೆಗಳನ್ನೆಲ್ಲ ಹೊಕ್ಕ ಶೂರ್ ಎಸ್‌ಎಂ58 ಕೂಡ ಇಂಥದ್ದೇ. ಅದರ ಗುಟ್ಟು ಜಾಲರಿಯ ಹಿಂಭಾಗದ ಕಿಂಡಿಗಳಲ್ಲಿದೆ. ಹಿಂದಿನಿಂದ ಬಂದ ದನಿ ಆ ಕಿಂಡಿಯಿಂದಲೂ ಮುಂದಿನಿಂದಲೂ ಒಳಗೆ ಹೋಗಿ ಒಂದನ್ನೊಂದು ಹೊಡೆದುಹಾಕುತ್ತದೆ. ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದರೆ ಕಿಂಡಿ ಮುಚ್ಚಿತು, ಮೈಕು ನಾಕೂ ದಿಕ್ಕಿನ ದನಿ ಹಿಡಿಯತೊಡಗಿತು, ಕೂಗಿತು. ಮೈಕು ಕೂಗಿದಾಗ ಅದರ ತಲೆ ಮುಚ್ಚುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಮುಚ್ಚಿದಷ್ಟೂ ಕೂಗು ಜೋರಾಗುವುದು ಅದಕ್ಕೇ.

ಇಷ್ಟೂ ಭೌತವಿಜ್ಞಾನ. ಅದಕ್ಕೆ ಜಾತಿಯಿಲ್ಲ, ಪಕ್ಷವಿಲ್ಲ. ಆದರೆ ಅದನ್ನು ನಾವು ಕೂಡಿಸಿಟ್ಟ ರೀತಿಗೆ ಇದೆ. ಯೋಚನೆ ಮಾಡಿ. ಗಂಟಲು ಇದ್ದವರಿಗೆ, ಮೈಕು ಹಿಡಿದು ರೂಢಿ ಇದ್ದವರಿಗೆ ಗುಂಡಿ ಕೆಳಗಿದ್ದರೂ ನಡೆಯುತ್ತದೆ. ಗುಂಡಿ ಕೆಳಗಿದ್ದರೆ ಸುತ್ತು ಮಲಗಿರುತ್ತದೆ. ಸಣ್ಣ ದನಿಯವರು ಎದ್ದಾಗ ಗುಂಡಿ ಮೇಲೇರಿಸಬೇಕು, ಆಗಲೇ ಸುತ್ತು ಏಳುತ್ತದೆ. ಅಂದರೆ ಕೆಟ್ಟದಾಗಿ ಜೋಡಿಸಿದ ಮೈಕ್ ಸೆಟ್ಟು ಎಲ್ಲರಿಗೂ ಒಂದೇ ಸಮ ಕೂಗುವುದಿಲ್ಲ. ಮುದುಕರಿಗೆ, ಮಕ್ಕಳಿಗೆ, ಮೊದಲ ಸಲ ಎದ್ದುನಿಂತ ಹೆಣ್ಣುಮಕ್ಕಳಿಗೆ ಆರಿಸಿ ಆರಿಸಿ ಕೂಗುತ್ತದೆ.

ಒಂದು ಗ್ರಾಮಸಭೆಯಲ್ಲಿ ನಾನು ಕಂಡದ್ದು. ಹೊಸ ಸಮುದಾಯ ಭವನ. ನೆಲಕ್ಕೆ ಗ್ರಾನೈಟ್, ಗೋಡೆಗೆ ಎದೆಮಟ್ಟ ಟೈಲ್ಸ್. ಅರವತ್ತು ದಾಟಿದ ಒಬ್ಬ ಅಮ್ಮ ಎದ್ದು ನಿಂತಳು. ತಮ್ಮ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದು ಅವಳ ಮಾತು. "ಯವ್ವಾ, ಮುಂದ ಬಂದು ಮೈಕಿನ್ಯಾಗ ಹೇಳು" ಅಂದರು ವೇದಿಕೆಯವರು. ಕಾರ್ಡ್‌ಲೆಸ್ ಮೈಕು ಕೈಗೆ ಬಂತು. ಅವಳು ಅದನ್ನು ಎದೆಯ ಹತ್ತಿರ ಹಿಡಿದು ನಾಕು ಹೆಜ್ಜೆ ಮುಂದೆ ಬಂದಳು, ನೇರ ಬಾಕ್ಸಿನ ಬಾಯಿಗೆ. ಮೈಕು ಕುಯ್ಯ್ ಅಂತು. ಅವಳು ಗಾಬರಿಬಿದ್ದು ಅದರ ತಲೆ ಹಿಚುಕಿದಳು, ಇನ್ನೂ ಜೋರಾಯಿತು. ಸಭೆ ನಕ್ಕಿತು. "ಬ್ಯಾಡ ಬಿಡಪಾ" ಅಂತ ಮೈಕು ಕೊಟ್ಟು ಕುಂತಳು. ಮುಂದೆ ಒಬ್ಬ ಪುಢಾರಿ ಎದ್ದ, ಇಪ್ಪತ್ತು ನಿಮಿಷ ಮಾತಾಡಿದ, ಮೈಕು ಒಮ್ಮೆಯೂ ಕೂಗಲಿಲ್ಲ. ಎಂಟು ದಿನಕ್ಕೊಮ್ಮೆ ಬರುವ ನೀರಿನ ಮಾತು ಆಮೇಲೆ ಬಾಗಿಲ ಹತ್ತಿರ ಚಪ್ಪಲಿ ಹುಡುಕುವಾಗ ಪಕ್ಕದ ಹೆಣ್ಣುಮಕ್ಕಳಿಗೆ ಹೇಳಿದ್ದಷ್ಟೇ ಆಯಿತು.

1993ರ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು ಅನ್ನುತ್ತದೆ. 2010ರಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಕುರ್ಚಿ ಕೊಟ್ಟೆವು, ಸರಿ. ಅವರ ದನಿ ಕೊನೆಯ ಸಾಲಿಗೆ ಮುಟ್ಟುವ ಹಾಗೆ ಎರಡು ಬಾಕ್ಸ್ ಜರುಗಿಸುವುದು ನಮಗಾಗಲಿಲ್ಲ.

"ಅವರು ಗಟ್ಟಿ ಮಾತಾಡೂದು ಕಲೀಲಿ" ಅನ್ನುವವರಿದ್ದಾರೆ. ಅಲ್ರೀ, ಗಟ್ಟಿ ಮಾತಾಡುವವರಿಗೆ ಮೈಕು ಯಾಕೆ ಬೇಕು? ಮೈಕು ಹುಟ್ಟಿದ್ದೇ ಸಣ್ಣ ದನಿಗಾಗಿ. ಸಣ್ಣ ದನಿಗೆ ಕೆಲಸ ಮಾಡದ ಮೈಕ್ ಸೆಟ್ಟು ಕುಂಟನಿಗೆ ಆಗದ ಊರುಗೋಲು.

ಇನ್ನು ಸಮುದಾಯ ಭವನದ ಮಾತು. ನಮ್ಮಿಂದ ಬಹಳ ದೂರವಿಲ್ಲದ ವಿಜಯಪುರದ ಗೋಲಗುಮ್ಮಟವನ್ನು ಎಲ್ಲರೂ ನೋಡಿದ್ದೀರಿ. 1656ರಲ್ಲಿ ಮುಗಿದ ಮಹಮ್ಮದ್ ಆದಿಲ್ ಶಾಹನ ಗೋರಿ. ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ, ಪಿಸುಮಾತು ಗುಮ್ಮಟದ ಆ ಬದಿಗೆ ಕೇಳುತ್ತದೆ. ಅದು ಅಲ್ಲಿ ಚೆಂದ. ಯಾರೂ ಅದರೊಳಗೆ ಗ್ರಾಮಸಭೆ ಮಾಡುವುದಿಲ್ಲ. ಆದರೆ ನಮ್ಮ ಊರೂರಿಗೂ ನಾವು ಗುಮ್ಮಟವಿಲ್ಲದ ಸಣ್ಣ ಸಣ್ಣ ಗೋಲಗುಮ್ಮಟ ಕಟ್ಟಿಸಿದ್ದೇವೆ. ಗ್ರಾನೈಟ್, ಟೈಲ್ಸ್, ಗಾಜಿನ ಕಿಟಕಿ, ಬರೀ ಆರ್‌ಸಿಸಿ ಛಾವಣಿ. ದನಿಯನ್ನು ನುಂಗುವ ವಸ್ತು ಒಂದೂ ಇಲ್ಲ. ಎಲ್ಲವೂ ಬಂದ ದನಿಯನ್ನು ಮೈಕಿಗೇ ತಿರುಗಿ ಎಸೆಯುತ್ತವೆ. ಎಸ್ಟಿಮೇಟಿನಲ್ಲಿ ಬಣ್ಣಕ್ಕೆ ಕಲಂ ಇರುತ್ತದೆ, ಕಮಾನಿಗೆ ಇರುತ್ತದೆ, ಫಲಕದಲ್ಲಿ ಕೆತ್ತುವ ಹೆಸರುಗಳಿಗೆ ಇರುತ್ತದೆ. ದನಿಗೆ ಇರುವುದಿಲ್ಲ.

ಇದು ಹೊಸ ಜ್ಞಾನವಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಫಾಗ್ ವಸ್ತುಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಕೋಣೆ ಕಟ್ಟಿಸಿತ್ತು. ಒಳಗೆ ಆಡಿದ ಮಾತು ಐದೂವರೆ ಸೆಕೆಂಡ್ ಗುಂಯ್‌ಗುಡುತ್ತಿತ್ತು, ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ವಾಲೇಸ್ ಸೇಬೈನ್ ಅನ್ನುವ ತರುಣ ಮೇಷ್ಟ್ರಿಗೆ ಸರಿಮಾಡು ಅಂದರು. ಅವರು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಕೋಣೆಯಲ್ಲಿ ಹರಡಿ, ದನಿ ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಅಳೆದರು. ಯಾವ ವಸ್ತು ಎಷ್ಟು ದನಿ ನುಂಗುತ್ತದೆ ಅನ್ನುವ ಲೆಕ್ಕ ಹುಟ್ಟಿದ್ದು ಹಾಗೆ. ದನಿ ನುಂಗುವುದರಲ್ಲಿ ಪೂರ್ತಿ ಅಂಕ ಅವರು ಯಾವುದಕ್ಕೆ ಕೊಟ್ಟರು ಗೊತ್ತೇ? ತೆರೆದ ಕಿಟಕಿಗೆ. ಹೊರಗೆ ಹೋದ ದನಿ ಮರಳಿ ಬರುವುದಿಲ್ಲವಲ್ಲ.

ನಮ್ಮ ಹತ್ತಿರ ಸೇಬೈನರ ಮೆತ್ತೆಗಿಂತ ಒಳ್ಳೆಯದಿದೆ. ಪ್ರತಿ ಮನೆಯ ಅಟ್ಟದ ಮೇಲೆ ಅವ್ವ, ಅಜ್ಜಿ ಹೊಲಿದ ಕೌದಿಗಳಿವೆ. ಹಳೆ ಸೀರೆ ಪದರಪದರವಾಗಿ ಕೂಡಿಸಿ ಹೊಲಿದ ಕೌದಿಯನ್ನು ಗೋಡೆಯಿಂದ ನಾಕು ಬೆರಳು ಬಿಟ್ಟು ತೂಗುಹಾಕಿದರೆ ಆ ಕುಯ್ಯ್ ಅನ್ನುವ ಎತ್ತರದ ದನಿಯನ್ನು ಚೆನ್ನಾಗಿ ನುಂಗುತ್ತದೆ. ತಗ್ಗಿನ ಗುಂಯ್ ಅನ್ನುವುದಕ್ಕೆ ಕೌದಿ ಸಾಲದು, ಅದಕ್ಕೆ ಬೇಸ್ ಗುಂಡಿ ಇಳಿಸಬೇಕು. ಭಾಷಣಕ್ಕೆ ಬೇಸ್ ಬೇಕಾಗಿಯೂ ಇಲ್ಲ. ವೇದಿಕೆಯ ಎದುರು ಗೋಡೆಗೆ ಹತ್ತು ಕೌದಿ, ತೆರೆದ ಕಿಟಕಿ. ಬಂದ ಜನರ ಮೈಬಟ್ಟೆಯೂ ದನಿ ನುಂಗುತ್ತದೆ. ಖಾಲಿ ಹಾಲಿನಲ್ಲಿ ಕೂಗಿದ ಸೆಟ್ಟು ಜನ ತುಂಬಿದ ಮೇಲೆ ತಣ್ಣಗಾಗುವುದು ಅದರಿಂದಲೇ.

ನಮ್ಮ ಹಿರಿಯರು ಇದನ್ನು ಸೂತ್ರ ಬರೆದು ಕಲಿತವರಲ್ಲ, ಮಾಡಿ ಕಲಿತವರು. ಬಯಲಾಟ ಬಯಲಿನಲ್ಲೇ ಆಯಿತು, ಅಲ್ಲಿ ದನಿ ತಿರುಗಿ ಎಸೆಯುವ ಗೋಡೆಯೇ ಇಲ್ಲ. ಜಾತ್ರೆಯ ಸಾಮಾಜಿಕ ನಾಟಕಗಳಲ್ಲಿ ಮೇಲಿಂದ ಇಳಿಬಿಟ್ಟ ಮೈಕು ನೋಡಿದ್ದೀರಲ್ಲ. ಪಾತ್ರಧಾರಿ ಎಲ್ಲಿ ಓಡಾಡಿದರೂ ಮಾತಿನ ಹೊತ್ತಿಗೆ ಸರಿಯಾಗಿ ಅದರ ಕೆಳಗೆ ಬಂದು ನಿಲ್ಲುತ್ತಾನೆ. ಹಾರ್ನುಗಳನ್ನು ದೂರದ ಕಂಬಕ್ಕೆ ಕಟ್ಟಿ, ರಂಗಕ್ಕೆ ಬೆನ್ನು ಕೊಟ್ಟು ನಿಲ್ಲಿಸಿರುತ್ತಾರೆ. ಇದನ್ನು ಮಾಡಿದವರು ಮೈಕ್ ಸೆಟ್ಟಿನವರೇ. ಅವರಿಗೆ ಗೊತ್ತಿದೆ. ನಾವು ಕೇಳುವುದಿಲ್ಲ.

ಈಗ ಅವರ ಪರವಾಗಿ ಒಂದು ಮಾತು. ಬಾಡಿಗೆ ಚೌಕಾಸಿ ಮಾಡಿ ಅರ್ಧ ಮಾಡುತ್ತೇವೆ. ಸಭೆ ಹತ್ತಕ್ಕೆ ಅಂದರೆ ಒಂಬತ್ತೂವರೆಗೆ ಬಾಗಿಲು ತೆಗೆಯುತ್ತೇವೆ. ಬಾಕ್ಸ್ ಮುಂದೆ ಇಟ್ಟರೆ "ಹಿಂದ ಸರಿಸೋ" ಅನ್ನುತ್ತೇವೆ. ಮುಖ್ಯ ಅತಿಥಿಗೆ "ಸಾಹೇಬ್ರ, ಮೈಕು ಬಾಯಿ ಹತ್ತಿರ ಹಿಡೀರಿ" ಅನ್ನುವ ಧೈರ್ಯ ಆ ಹುಡುಗನಿಗೆ ನಾವು ಕೊಟ್ಟಿಲ್ಲ. ಕೈಯಲ್ಲಿ ಅಧಿಕಾರ ಇಲ್ಲದವನ ತಲೆಗೆ ತಪ್ಪು ಕಟ್ಟುವುದು ನಮ್ಮಲ್ಲಿ ಹಳೇ ಚಾಳಿ.

"ಕೂಗು ತಡೆಯುವ ಮಷೀನ್ ಬಂದಾವಲ್ರೀ" ಅಂತ ಕೆಲವರು ಹೇಳಬಹುದು. ಬಂದಿವೆ. 1960ರ ದಶಕದಲ್ಲೇ ಬೆಲ್ ಲ್ಯಾಬ್ಸ್‌ನ ಮ್ಯಾನ್‌ಫ್ರೆಡ್ ಶ್ರೋಡರ್ ಪ್ರತಿ ಸುತ್ತಿಗೆ ದನಿಯನ್ನು ಕೆಲವೇ ಹರ್ಟ್ಸ್ ಸರಿಸಿ ಜೋಕಾಲಿಯ ಹೊತ್ತು ತಪ್ಪಿಸುವ ಉಪಾಯ ತೋರಿಸಿದ್ದರು. ಈಗಿನ ಡಿಜಿಟಲ್ ಪೆಟ್ಟಿಗೆಗಳು ಕೂಗುವ ಶ್ರುತಿಯನ್ನು ಹುಡುಕಿ ಕತ್ತರಿಸುತ್ತವೆ. ಅವುಗಳಿಂದ ಸ್ವಲ್ಪ ಅವಕಾಶ ಸಿಗುತ್ತದೆ, ನಿಜ. ಆದರೆ ಬಾಕ್ಸಿನ ಬಾಯಲ್ಲಿ ಮೈಕು ನಿಲ್ಲಿಸುವವರನ್ನು ಯಾವ ಪೆಟ್ಟಿಗೆಯೂ ಕಾಪಾಡುವುದಿಲ್ಲ.

ಇನ್ನೂ ಒಂದು ವಿಷಯ. ಫೀಡ್‌ಬ್ಯಾಕ್ ಅನ್ನುವುದೇ ಕೆಟ್ಟದ್ದಲ್ಲ. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಅನ್ನುವ ಎಂಜಿನಿಯರ್ ಕೆಲಸಕ್ಕೆ ಹೋಗುವ ದೋಣಿಯಲ್ಲಿ ಕುಂತು ಒಂದು ಉಪಾಯ ಹೊಳೆಸಿಕೊಂಡರು: ಹೊರಬಂದ ದನಿಯ ಒಂದು ಪಾಲನ್ನು ತಿರುವಿ, ವಿರುದ್ಧ ಹೆಜ್ಜೆಯಲ್ಲಿ ಒಳಗೆ ಕಳಿಸಿದರೆ ಆಂಪ್ಲಿಫೈಯರ್ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಇವತ್ತಿನ ಆಂಪ್ಲಿಫೈಯರುಗಳು ಶುದ್ಧವಾಗಿ ಮಾತಾಡುವುದು ಬಹುಮಟ್ಟಿಗೆ ಇದರಿಂದಲೇ. ಎದುರು ಮಾತು ಕೇಳಿಸಿಕೊಂಡರೆ ಯಂತ್ರ ಸರಿಹೋಗುತ್ತದೆ, ತನ್ನ ಮಾತನ್ನೇ ತಾನು ಕೇಳುತ್ತಾ ಹೋದರೆ ಕೂಗುತ್ತದೆ. ಗ್ರಾಮಸಭೆ ಇರುವುದೂ ಆ ಎದುರು ಮಾತಿಗೇ. ನೀರು ಬರುತ್ತಿಲ್ಲ, ಕೂಲಿ ಬಂದಿಲ್ಲ, ದೀಪ ಹತ್ತುತ್ತಿಲ್ಲ ಅಂತ ಎದ್ದು ಹೇಳುವ ದನಿ ಕೇಳದ ಪಂಚಾಯಿತಿ ತಿದ್ದಿಕೊಳ್ಳುವುದು ಹೇಗೆ?

ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಸಾಧನೆ ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ಸಾಧ್ಯ, ಇಬ್ಬರೂ ಪ್ರಯತ್ನಪಡಲಿ ಅನ್ನುವುದು ಅದರ ಸಾರ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಗುಡ್ಡಕ್ಕೆ ಬಂದ ಸುದ್ದಿ. ಸಣ್ಣವರಿಗೂ ಸಾಧ್ಯ ಅಂದಮೇಲೆ ಸಣ್ಣವರ ದನಿಗೆ ಜಾಗ ಮಾಡುವ ಕೆಲಸ ದೊಡ್ಡವರದು.

ಮುಂದಿನ ಗ್ರಾಮಸಭೆಗೆ ಮೊದಲು ಇಷ್ಟು ಮಾಡಿ. ಮೈಕಿನವನಿಗೆ ಒಂದು ತಾಸು ಮುಂಚೆ ಬಾಗಿಲು ತೆಗೆದು ಕೊಡಿ, ಬಾಕ್ಸ್ ಎಲ್ಲಿಡಬೇಕು ಅನ್ನುವುದನ್ನು ಅವನಿಗೇ ಬಿಡಿ. ಕಿಟಕಿ ತೆಗೆಯಿರಿ, ಎದುರು ಗೋಡೆಗೆ ಕೌದಿ ಕಟ್ಟಿ. ಯಾರು ಮಾತಾಡುತ್ತಾರೋ ಅವರ ಮೈಕು ಮಾತ್ರ ತೆರೆದಿರಲಿ. ಯಾರಾದರೂ ಅಮ್ಮ ಎದ್ದರೆ ಅವಳನ್ನು ಬಾಕ್ಸಿನ ಮುಂದಕ್ಕೆ ಕರೆಯಬೇಡಿ, ಅವಳು ನಿಂತಲ್ಲಿಗೇ ಮೈಕು ಒಯ್ಯಿರಿ. ಜಾಲರಿಯ ಕೆಳಗೆ ಹಿಡಿದು, ಬಾಯಿಗೆ ನಾಕು ಬೆರಳು ದೂರದಲ್ಲಿ ಇಟ್ಟು, "ಹೇಳಬೇ ಯವ್ವಾ" ಅನ್ನಿ. ಇಷ್ಟಾದ ಮೇಲೂ ಕೂಗಿದರೆ ಆಗ ಬೇಕಾದರೆ ಮೈಕಿನವನನ್ನು ಕೇಳೋಣ.